ಮೂರನೆಯ ಗೆರೆ

ನನ್ನ ಅಂಗಿಯ ಜೇಬಿನಲ್ಲಿ ಪೆನ್ನಿನ ಪಕ್ಕ ಯಾವಾಗಲೂ ಒಂದು ಕಪ್ಪು ಮಾರ್ಕರ್ ಇರುತ್ತದೆ. ಕಾಂದಿವಲಿಯ ಗೋದಾಮಿನಲ್ಲಿ ಕೆಲಸ ಮಾಡುವವನಾದ್ದರಿಂದ ಪೆಟ್ಟಿಗೆಗಳ ಮೇಲೆ ನಂಬರು ಬರೆಯಲಿಕ್ಕೆ ಇರಬೇಕು ಎಂದು ಜೊತೆಯವರು ತಿಳಿದುಕೊಂಡಿದ್ದಾರೆ. ನಾನೂ ತಿದ್ದಲು ಹೋಗಿಲ್ಲ. ನಿಜ ಗೊತ್ತಿರುವುದು ಭಾಂಡುಪ್‌ನಲ್ಲಿರುವ ನಮ್ಮ ಮನೆಯವರಿಗೆ. ಅಲ್ಲಿ ಶೇಂಗಾ ಎಣ್ಣೆಯ ಕ್ಯಾನು, ತುಪ್ಪದ ಭರಣಿ, ಹಾಲಿನ ಜಗ್ಗು, ಫಿನೈಲು, ಶಾಂಪೂ, ಕೊನೆಗೆ ಕೆಮ್ಮಿನ ಔಷಧದ ಬಾಟಲಿಯ ಮೇಲೂ ನನ್ನ ಕೈಯ ಒಂದು ಕಪ್ಪು ಗೆರೆ ಇದೆ. ನಿನ್ನೆ ಎಷ್ಟಿತ್ತು, ಇವತ್ತು ಎಷ್ಟಿದೆ ಎಂಬುದು ನನಗೆ ಗೊತ್ತಿರಬೇಕು. ಕೆಮ್ಮಿನ ಔಷಧವನ್ನು ಯಾರು ಕದ್ದು ಕುಡಿಯುತ್ತಾರೆ ಎಂದು ನೀವು ಕೇಳಬಹುದು. ನನ್ನ ಹೆಂಡತಿಯೂ ಕೇಳಿದ್ದಳು. ಹಾಗೆ ಕೇಳಿದ್ದಕ್ಕೆ ನನಗೆ ಅವಳ ಮೇಲೂ ಸ್ವಲ್ಪ ಸಂಶಯ ಬಂತು.

ಕೆಲವರಿಗೆ ಅಪ್ಪನಿಂದ ಹೊಲ ಬರುತ್ತದೆ, ಕೆಲವರಿಗೆ ಬೋಳುತಲೆ. ನನಗೆ ಬೋಳುತಲೆಯ ಜೊತೆಗೆ ಈ ಗೆರೆಯೂ ಬಂತು. ಅಪ್ಪ ವಿಜಯಪುರದ ಕಡೆಯಿಂದ ಬಂದು ಇಲ್ಲಿಯ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದವನು. ಚಾಳಿನ ನಮ್ಮ ಒಂದೇ ಖೋಲಿಯಲ್ಲಿ ಸೀಮೆಎಣ್ಣೆಯ ಡಬ್ಬಿಗೂ ಅವನದೊಂದು ಗೆರೆ, ತಲೆಗೆ ಹಚ್ಚುವ ಕೊಬ್ಬರಿ ಎಣ್ಣೆಗೂ ಒಂದು ಗೆರೆ. ಎಲ್ಲಕ್ಕಿಂತ ಮುಖ್ಯವಾದದ್ದು ಹಾಲಿನ ಪಾತೇಲಿಯ ಒಳಮೈಯಲ್ಲಿ ಅವನು ಮೊಳೆಯಿಂದ ಗೀಚಿದ್ದ ಗೆರೆ. ಬೆಳಿಗ್ಗೆ ಭೈಯ್ಯಾ, ಅಂದರೆ ಹಾಲಿನವನು, ಹಾಲು ಹಾಕುವ ಹೊತ್ತಿಗೆ ಅಪ್ಪ ಮೊದಲ ಶಿಫ್ಟಿಗೆ ಹೋಗಿಬಿಟ್ಟಿರುತ್ತಿದ್ದ. ಸಂಜೆ ಬಂದವನೇ ಕೈಕಾಲು ತೊಳೆಯುವ ಮೊದಲು ಪಾತೇಲಿಯ ಮುಚ್ಚಳ ತೆಗೆಯುತ್ತಿದ್ದ. ದಿನದ ಖರ್ಚು ಕಳೆದು ಹಾಲು ಆ ಗೆರೆಯವರೆಗೆ ಉಳಿದಿರಬೇಕು. ಉಳಿದಿರುತ್ತಿತ್ತು ಕೂಡ. ಆದರೆ ಚಹಾ ಮಾತ್ರ ನೀರು ನೀರು.

ಅಳತೆ ಸರಿಯಿದ್ದು ರುಚಿ ತಪ್ಪಿದರೆ ಯಾರ ಮೇಲೆ ಸಂಶಯ ಬರಬೇಕು? ಭೈಯ್ಯಾನ ಮೇಲೆ. ಅಪ್ಪ ಕ್ರಾಫರ್ಡ್ ಮಾರ್ಕೆಟ್ಟಿನವರೆಗೆ ಹೋಗಿ ಹಾಲು ಅಳೆಯುವ ಗಾಜಿನ ಕಡ್ಡಿಯೊಂದನ್ನು ತಂದ. ಸಂಜೆಯ ಹಾಲಿನಲ್ಲಿ ಬಿಟ್ಟರೆ ಕಡ್ಡಿ ಮುಳುಗುತ್ತಿತ್ತು. ಅಂದರೆ ನೀರು. ರವಿವಾರ ರಜೆಯ ದಿನ ಬಾಗಿಲಲ್ಲೇ ನಿಂತು ಭೈಯ್ಯಾನ ಕ್ಯಾನಿನಲ್ಲಿ ಬಿಟ್ಟರೆ ಅದೇ ಕಡ್ಡಿ ಠೀವಿಯಿಂದ ತೇಲುತ್ತಿತ್ತು. ನಾನು ಮನೆಯಲ್ಲಿರುವ ದಿನ ಮಾತ್ರ ಒಳ್ಳೆಯ ಹಾಲು ತರುತ್ತಾನೆ, ಎಷ್ಟು ಕಿಲಾಡಿ ನೋಡು ಎಂದು ಅಪ್ಪ ಹಲ್ಲು ಕಡಿಯುತ್ತಿದ್ದ. ನಾನು ಅವನ ಹಿಂದೆ ನಿಂತು ಭೈಯ್ಯಾನಿಗೆ ಪಾನಿವಾಲಾ ಪಾನಿವಾಲಾ, ನೀರಿನವನೇ ಎಂದು ಕೂಗುತ್ತಿದ್ದೆ. ಒಬ್ಬನನ್ನು ಬಿಡಿಸಿ ಇನ್ನೊಬ್ಬ, ಅವನನ್ನು ಬಿಡಿಸಿ ಮತ್ತೊಬ್ಬ, ಹೀಗೆ ಓಣಿಯಲ್ಲಿ ಬಿಡಿಸಲು ಭೈಯ್ಯಾಗಳೇ ಉಳಿಯದ ಸ್ಥಿತಿ ಬಂತು. ಅಷ್ಟೂ ದಿನ ಅವ್ವ ಒಲೆಯ ಮುಂದೆ ಕೂತು ತನ್ನಷ್ಟಕ್ಕೆ ರೊಟ್ಟಿ ಬಡಿಯುತ್ತಿದ್ದಳು.

ಈಗ ಮೋಟಾರ್ ಸೈಕಲ್ಲಿಗೆ ಬರುತ್ತೇನೆ. ನನ್ನ ಹಳೆಯ ಗಾಡಿ ಗಾಳಿಯಿಂದ ತಣ್ಣಗಾಗುವಂಥದ್ದು. ಗಾಳಿಯನ್ನು ಯಾರೂ ಕದಿಯಲಾರರು, ಹಾಗಾಗಿ ನಾನು ನೆಮ್ಮದಿಯಾಗಿದ್ದೆ. ಅದು ಸವೆದು ಹೋದಮೇಲೆ ಮಗಳು ಪಲ್ಲವಿ ಹಟ ಹಿಡಿದು ಆರಿಸಿದ ಹೊಸ ಗಾಡಿಯಲ್ಲಿ ಎಂಜಿನ್ನಿನ ಮುಂದೆ ಜಾಳಿಗೆಯಂಥ ರೇಡಿಯೇಟರ್, ಅದರ ಹಿಂದೆ ಒಂದು ಫ್ಯಾನು, ಎಂಜಿನ್ನನ್ನು ತಣ್ಣಗಿಡಲು ಒಳಗೆಲ್ಲ ಹರಿದಾಡುವ ಹಸಿರು ಕೂಲಂಟ್. ಸೀಟಿನ ಕೆಳಗೆ ಪಕ್ಕದಲ್ಲಿ ಒಂದು ಬಿಳಿ ಪ್ಲಾಸ್ಟಿಕ್ ಟಾಕಿ. ಹೊರಗಿನಿಂದಲೇ ಹಸಿರು ಎಷ್ಟಿದೆಯೆಂದು ಕಾಣುತ್ತದೆ. ಆ ಟಾಕಿಯ ಮೇಲೆ ಕಂಪನಿಯವರೇ ಮೇಲೊಂದು ಕೆಳಗೊಂದು ಗೆರೆ ಮೂಡಿಸಿದ್ದು ಕಂಡು, ಇವರೂ ನಮ್ಮವರೇ ಎಂದು ನನಗೆ ಖುಷಿಯಾಯಿತು.

ಖುಷಿ ಬಹಳ ಹೊತ್ತು ಉಳಿಯಲಿಲ್ಲ. ಎರಡು ಗೆರೆಗಳ ನಡುವೆ ಎರಡು ಬೆರಳಿನಷ್ಟು ಜಾಗವಿತ್ತು. ಅಷ್ಟರೊಳಗೆ ಯಾರು ಏನು ತೆಗೆದರೂ ನನಗೆ ತಿಳಿಯುವುದು ಹೇಗೆ? ಒಂದು ಸಂಜೆ ಕಾಂದಿವಲಿಯಿಂದ ಬಂದು, ಗಾಡಿಯನ್ನು ನಮ್ಮ ಬಿಲ್ಡಿಂಗಿನ ಕೆಳಗೆ ನಿಲ್ಲಿಸಿ, ಎಂಜಿನ್ನು ಇನ್ನೂ ಟಿಕ್ ಟಿಕ್ ಎನ್ನುತ್ತಿರುವಾಗಲೇ ಕುಕ್ಕರುಗಾಲಲ್ಲಿ ಕೂತು ನೋಡಿದೆ. ಹಸಿರು ಕಂಪನಿಯ ಮೇಲಿನ ಗೆರೆಗಿಂತ ತುಸು ಮೇಲೆಯೇ ಇತ್ತು. ಧಾರಾಳವಾಗಿ ಕೊಟ್ಟಿದ್ದಾರೆ ಎಂದುಕೊಂಡು, ಜೇಬಿನ ಮಾರ್ಕರ್ ತೆಗೆದು ಅಲ್ಲೇ ನನ್ನ ಗೆರೆ ಎಳೆದೆ. ಮೂರನೆಯ ಗೆರೆ.

ಮರುದಿನ ಬೆಳಿಗ್ಗೆ ನೋಡಿದರೆ ಹಸಿರು ನನ್ನ ಗೆರೆಗಿಂತ ಒಂದು ಬೆರಳು ಕೆಳಗೆ. ಅದರ ಮರುದಿನವೂ ಹಾಗೆಯೇ.

ನನ್ನ ತಲೆ ಕೆಲಸ ಶುರುಮಾಡಿತು. ಮೊದಲು ವಾಚ್‌ಮನ್, ಯಾಕೆಂದರೆ ನಾನು ಗಾಡಿಯ ಬಳಿ ಹೋದಾಗಲೆಲ್ಲ ಅವನು ನಮಸ್ಕಾರ ಮಾಡುತ್ತಿದ್ದ. ಆಮೇಲೆ ಎರಡನೆಯ ಮಹಡಿಯವರು, ಅವರದೂ ಇಂಥದೇ ಗಾಡಿ. ಕೊನೆಗೆ ಪಲ್ಲವಿ. ಅವಳ ಮೇಲೆ ಸಂಶಯ ಬರಲು ಕಾರಣವೂ ಇತ್ತು. ಅವಳಿಗೆ ವಿಲೆ ಪಾರ್ಲೆಯಲ್ಲಿ, ವಿಮಾನದ ಸರಕು ಸಾಗಿಸುವ ಆಫೀಸೊಂದರಲ್ಲಿ ಕೆಲಸ ಸಿಕ್ಕಿತ್ತು. ಸ್ವಂತ ವಾಹನವಿದ್ದರೆ ಬೆಳಗಿನ ಶಿಫ್ಟು, ಇಲ್ಲದಿದ್ದರೆ ಮಧ್ಯಾಹ್ನದ್ದು ಎಂದಿದ್ದರು. ಬೆಳಗಿನ ಶಿಫ್ಟು ಸಿಕ್ಕರೆ ಸಂಜೆಯ ಕಾಲೇಜು ಮುಂದುವರಿಯುತ್ತದೆ, ಸಿಗದಿದ್ದರೆ ಕಾಲೇಜು ಬಿಡಬೇಕು. ನನ್ನ ಆಫೀಸಿನ ಬಸ್ಸು ಬರುವ ತಿಂಗಳಿಂದ ಭಾಂಡುಪ್‌ವರೆಗೂ ಬರುವುದಿತ್ತಾದ್ದರಿಂದ, ಅವಳು ಕೆಲಸಕ್ಕೆ ಸೇರುವ ಆ ತಿಂಗಳ ಮೊದಲ ಸೋಮವಾರದಿಂದ ಗಾಡಿ ನಿನ್ನದೇ ಎಂದು ನಾನೇ ಮಾತು ಕೊಟ್ಟಿದ್ದೆ. ಅಲ್ಲಿಯವರೆಗೆ ತಡೆಯಲಾರದೆ, ನಾನು ಮಲಗಿದ ಮೇಲೆ ಓಡಿಸಿ ಕಲಿಯುತ್ತಿರಬೇಕು ಎಂದು ನನ್ನ ಲೆಕ್ಕ.

ಊಟದ ಹೊತ್ತಿಗೆ ಎಲ್ಲರ ಮುಂದೆಯೇ ಕೇಳಿದೆ. ಅವಳ ಕನ್ನಡ ನಮ್ಮ ಮನೆಯ ಪಿಂಗಾಣಿ ಬಟ್ಟಲಿನ ಹಾಗೆ, ಅಪರೂಪಕ್ಕೆ ಹೊರಗೆ ಬರುತ್ತದೆ. "ಪಪ್ಪಾ, ಕಸಮ್ ಸೇ, ನಾನು ಗಾಡಿ ಟಚ್ ಭೀ ಮಾಡಿಲ್ಲ," ಎಂದಳು. ಅಂಥ ಮಾತಿಗೆ ಆಣೆ ಯಾಕೆ ಹಾಕಬೇಕು ಎಂದು ನನಗೆ ಇನ್ನಷ್ಟು ಗುಮಾನಿ. ಆ ರಾತ್ರಿ ಕೀಲಿಕೈಯನ್ನು ದಿಂಬಿನ ಕೆಳಗೆ ಇಟ್ಟುಕೊಂಡು ಮಲಗಿದೆ. ಬೆಳಿಗ್ಗೆ ಹಸಿರು ಮತ್ತೆ ಒಂದು ಬೆರಳು ಕೆಳಗೆ. ಬೇರೆ ಯಾರಾದರೂ ಆಗಿದ್ದರೆ ಆಗಲೇ ಮಗಳ ಮೇಲಿನ ಸಂಶಯ ಬಿಡುತ್ತಿದ್ದರು. ನಾನು, ಇವಳು ಡುಪ್ಲಿಕೇಟ್ ಕೀಲಿ ಮಾಡಿಸಿದ್ದಾಳೆ ಎಂಬ ತೀರ್ಮಾನಕ್ಕೆ ಬಂದೆ. ಆ ದಿನ ರಾತ್ರಿಯ ಊಟದಲ್ಲಿ, ಹಸಿರು ಇನ್ನೊಂದು ಸಲ ಗೆರೆ ಬಿಟ್ಟು ಇಳಿದರೆ ಗಾಡಿಯ ಮಾತು ಮರೆತುಬಿಡು ಎಂದು ಜೋರಾಗಿ ಬೈದೆ. ಪಲ್ಲವಿ ತಾಟು ಬಿಟ್ಟು ಎದ್ದು ಹೋದಳು. ಈಗ ನಮ್ಮ ಜೊತೆಯೇ ಇರುವ ಅವ್ವ ನನ್ನನ್ನೊಮ್ಮೆ ನೋಡಿ, ಅವಳ ತಾಟಿನ ಮೇಲೆ ಇನ್ನೊಂದು ತಾಟು ಮುಚ್ಚಿಟ್ಟಳು.

ಬೈಗುಳಕ್ಕೆ ಬೆಲೆಯಿದೆ. ಮರುದಿನದಿಂದ ಬೆಳಿಗ್ಗೆ ಯಾವಾಗ ನೋಡಿದರೂ ಹಸಿರು ನನ್ನ ಗೆರೆಗೆ ಕೂದಲೆಳೆಯಷ್ಟೂ ತಪ್ಪದೆ ಇರತೊಡಗಿತು. ನಾನು ಮೀಸೆ ತಿರುವಿಕೊಂಡೆ. ಅಪ್ಪ ಇದ್ದಿದ್ದರೆ ಬೆನ್ನು ತಟ್ಟುತ್ತಿದ್ದ.

ಆದರೆ ಈಗ ಬೇರೆಯದೇ ಶುರುವಾಯಿತು. ಆಫೀಸಿನಲ್ಲಿ ಗಾಡಿ ನಿಲ್ಲಿಸಿದ ಕಡೆ ನೆಲದ ಮೇಲೆ ಹಸಿರು ಹನಿಗಳು. ಮನೆಗೆ ಬಂದಮೇಲೆ ಬಿಲ್ಡಿಂಗಿನ ಕೆಳಗೂ ಹನಿಗಳು. ಗೆರೆ ಸರಿಯಿದೆ, ನೆಲ ಮಾತ್ರ ಒದ್ದೆ. ರಬ್ಬರ್ ಪೈಪುಗಳನ್ನು ಒಂದೊಂದಾಗಿ ಹಿಂಡಿ ನೋಡಿದೆ, ಕ್ಲಿಪ್ಪುಗಳನ್ನು ಬಿಗಿದೆ, ಒಣ ಬಟ್ಟೆಯಿಂದ ಎಂಜಿನ್ನಿನ ಸಂದುಗೊಂದುಗಳನ್ನೆಲ್ಲ ಒರೆಸಿ ಎಲ್ಲಿ ತೇವ ಬರುತ್ತದೆಂದು ಕಾದು ಕೂತೆ. ಎಲ್ಲೂ ಬರಲಿಲ್ಲ. ಟಾಕಿಯ ತುದಿಯಿಂದ ಕೆಳಗೆ ಇಳಿದಿರುವ ಸಣ್ಣ ನಳಿಕೆಯೊಂದರ ಬಾಯಿ ಮಾತ್ರ ಒದ್ದೆಯಿತ್ತು. ಹೆಚ್ಚಾದದ್ದು ಹೊರಗೆ ಹೋಗಲಿಕ್ಕೆಂದೇ ಇರುವ ನಳಿಕೆ ಅದು. ನನ್ನ ಗೆರೆಯ ಪ್ರಕಾರ ಹೆಚ್ಚು ಆಗಿರಲಿಲ್ಲವಾದ್ದರಿಂದ ನಾನು ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ದಿನ ಹೋದಂತೆ ಹನಿಗಳ ಬಣ್ಣ ತಿಳಿಯಾಗುತ್ತ ಬಂತು. ಅದನ್ನೂ ನೋಡಿದೆ, ಬಿಸಿಲಿಗೆ ಹಾಗೆ ಕಾಣುತ್ತದೆ ಎಂದುಕೊಂಡೆ.

ಒಂದು ಸಂಜೆ ಪವಯಿಯ ಹತ್ತಿರ ಲಿಂಕ್ ರೋಡಿನ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಾಗ ಮೀಟರಿನಲ್ಲಿ ಕೆಂಪು ದೀಪ ಹತ್ತಿತು. ಎಂಜಿನ್ನು ಕಾದಿದೆ ಎಂದರ್ಥ. ಬದಿಗೆ ತಳ್ಳಿಕೊಂಡು ನಿಲ್ಲಿಸಿದರೆ ಕೆಳಗಿನಿಂದ ಆವಿ ಏಳುತ್ತಿತ್ತು. ಒಬ್ಬ ರಿಕ್ಷಾದವನು ಇಳಿದು ಬಂದು ತನ್ನ ನೀರಿನ ಬಾಟಲಿ ಚಾಚಿದ. ಕೇಳದೇ ಸಹಾಯ ಮಾಡುವವರನ್ನು ನಾನು ನಂಬುವುದಿಲ್ಲ, ಬೇಡವೆಂದೆ. ಗಾಡಿ ತಣ್ಣಗಾಗುವವರೆಗೆ ಹೆಲ್ಮೆಟ್ಟಿನ ಮೇಲೆ ಕೂತು, ಪಲ್ಲವಿ ಏನು ಮಾಡಿರಬಹುದು ಎಂದು ಯೋಚಿಸುತ್ತಿದ್ದೆ.

ಸ್ಟೇಷನ್ನಿನ ಹತ್ತಿರ ಗ್ಯಾರೇಜು ಇಟ್ಟುಕೊಂಡಿರುವ ಸಾವಂತ ನನಗೆ ಸರಿಯಾದ ಜೋಡಿ. ಯಾವ ಗಾಡಿ ಬಂದರೂ ಅವನು ಮೊದಲು ಕೇಳುವುದು, ನನಗಿಂತ ಮುಂಚೆ ಇದಕ್ಕೆ ಕೈ ಹಚ್ಚಿದವರು ಯಾರು ಎಂದು. ಅವನಿಗೆ ಫ್ಯಾನಿನ ಮೇಲೆ ಸಂಶಯ. ನೇರವಾಗಿ ಬ್ಯಾಟರಿಗೆ ಹಚ್ಚಿ ನೋಡಿದ, ಫ್ಯಾನು ಚೆನ್ನಾಗಿಯೇ ತಿರುಗಿತು. ಆಮೇಲೆ ರೇಡಿಯೇಟರಿನ ಮೇಲೆ. ಮೆಟ್ರೋ ಕೆಲಸದ ಧೂಳು ಜಾಳಿಗೆಯ ತುಂಬ ಕೂತಿದೆ, ಗಾಳಿ ಎಲ್ಲಿಂದ ಹೋಗಬೇಕು ಎಂದು ಪೈಪಿನಿಂದ ತೊಳೆದ. ಆಮೇಲೆ ರೇಡಿಯೇಟರಿನ ಮುಚ್ಚಳದ ಮೇಲೆ. ಅದರ ರಬ್ಬರು ಒತ್ತಡ ತಡೆಯುತ್ತಿಲ್ಲವೆಂದು, ಸ್ವಲ್ಪ ಕೂಲಂಟ್ ಸೇರಿಸಿ ಬೇರೆ ಮುಚ್ಚಳ ಹಾಕಿದ. ತೆಗೆದ ಮುಚ್ಚಳವನ್ನು ನಾನು ಕೇಳಿ ಇಸಿದುಕೊಂಡೆ. ಅದನ್ನೇ ತೊಳೆದು ಇನ್ನೊಬ್ಬರಿಗೆ ಹಾಕಬಾರದಲ್ಲ. ಮರುದಿನ ಅದೇ ಪವಯಿ, ಅದೇ ಕೆಂಪು ದೀಪ.

ಎರಡನೆಯ ಸಲ ಹೋದಾಗ ಸಾವಂತ ಟಾಕಿಯಲ್ಲಿ ಬೆರಳು ಅದ್ದಿ ತಿಕ್ಕಿ ನೋಡಿದ. ಕೂಲಂಟ್ ಆದರೆ ಬೆರಳಿಗೆ ಜಾರಬೇಕು, ಇದು ಜಾರುತ್ತಿರಲಿಲ್ಲ. ಇದರಲ್ಲಿ ಇರುವುದೆಲ್ಲ ನೀರು, ನೀರು ಬೇಗ ಕುದಿಯುತ್ತದೆ, ಅದಕ್ಕೇ ದೀಪ ಹತ್ತುತ್ತಿದೆ ಎಂದ. ನೀರು ಎಂಬ ಮಾತು ಕಿವಿಗೆ ಬಿದ್ದದ್ದೇ ನನ್ನೊಳಗಿನ ಅಪ್ಪ ಎದ್ದು ಕೂತ. ಮುಚ್ಚಳ ಬದಲಿಸಿದ ದಿನ ನೀನು ಹಾಕಿದ ಕೂಲಂಟ್‌ನಲ್ಲೇ ನೀರಿತ್ತೋ ಏನೋ ಎಂದುಬಿಟ್ಟೆ. ಸಾವಂತನ ಮುಖ ಕಪ್ಪಿಟ್ಟಿತು. ಅವನು ಒರೆಸುವ ಬಟ್ಟೆಯನ್ನು ಹೆಗಲ ಮೇಲೆ ಎಸೆದುಕೊಂಡು, "ಸಾಬ್, ಘರ್ ಮೇ ಕೋಯಿ ದುಶ್ಮನ್ ಹೈ ಕ್ಯಾ?" ಎಂದ. ಮನೆಯಲ್ಲಿ ಯಾರಾದರೂ ವೈರಿ ಇದ್ದಾರೆಯೇ? ಆಮೇಲೆ ಟಾಕಿಯ ಕಡೆ ಬೆರಳು ಮಾಡಿ, ಕಂಪನಿ ಎರಡೇ ಗೆರೆ ಕೊಟ್ಟಿದೆ, ಈ ಮೂರನೆಯದು ಯಾರದ್ದು ಎಂದು ಕೇಳಿದ. ಗೊತ್ತಿಲ್ಲ ಎಂದು ಹೇಳಿ ಗಾಡಿ ತಳ್ಳಿಕೊಂಡು ಬಂದೆ. ಜೇಬಿನಲ್ಲಿದ್ದ ಮಾರ್ಕರನ್ನು ಕೈಯಿಂದ ಮುಚ್ಚಿಕೊಂಡಿದ್ದೆ.

ಅವತ್ತು ಶನಿವಾರ. ಮನೆಗೆ ಬಂದವನೇ ಗಾಡಿ ಮಾರಿಬಿಡುತ್ತೇನೆ ಎಂದು ಸಾರಿದೆ. ದಾರಿಯಲ್ಲಿ ಕೈಕೊಡುವ ಗಾಡಿಯನ್ನು ಮಗಳಿಗೆ ಕೊಟ್ಟು ನಾನು ದಿನವಿಡೀ ಜೀವ ಕೈಯಲ್ಲಿ ಹಿಡಿದು ಕೂಡಲಾರೆ ಎಂದೆ. ಅದು ನಿಜವೂ ಆಗಿತ್ತು. ಪಲ್ಲವಿ ಈ ಸಲ ಆಣೆ ಹಾಕಲಿಲ್ಲ, ಅಳಲೂ ಇಲ್ಲ. ಮಧ್ಯಾಹ್ನದ ಶಿಫ್ಟು ತೆಗೆದುಕೊಳ್ಳುತ್ತೇನೆ, ಕಾಲೇಜು ಬಿಡುತ್ತೇನೆ ಎಂದು ಹಿಂದಿಯಲ್ಲಿ ತನ್ನ ತಾಯಿಗೆ ಹೇಳಿದಳು. ನನ್ನ ಜೊತೆ ಯಾವ ಭಾಷೆಯಲ್ಲೂ ಮಾತಾಡಲಿಲ್ಲ. ಆದರೂ ನೀರು ಹಾಕುವ ಕೈ ಯಾವುದೆಂದು ಕಣ್ಣಾರೆ ನೋಡದೆ ನನಗೆ ನಿದ್ದೆ ಬರುವಂತಿರಲಿಲ್ಲ.

ರವಿವಾರ ಬೆಳಕು ಹರಿಯುವ ಹೊತ್ತಿಗೆ ಕೆಳಗಿಳಿದು ಲೈಟ್ ಮೀಟರುಗಳ ಪಕ್ಕದ ಕಂಬದ ಹಿಂದೆ ನಿಂತೆ. ವಾಚ್‌ಮನ್ ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದ್ದ. ಅವನು ನಾಟಕ ಮಾಡುತ್ತಿಲ್ಲ ಎಂದು ಖಾತ್ರಿ ಮಾಡಿಕೊಳ್ಳಲು ಸ್ವಲ್ಪ ಹೊತ್ತು ಬೇಕಾಯಿತು. ಲಿಫ್ಟು ಕೆಳಗೆ ಬಂತು. ನಾನು ಕಂಬಕ್ಕೆ ಇನ್ನಷ್ಟು ಅಂಟಿಕೊಂಡೆ. ಬಂದವಳು ಅವ್ವ.

ಅವಳು ದಿನವೂ ಬರುತ್ತಾಳೆ, ಅದರಲ್ಲಿ ಹೊಸದೇನಿಲ್ಲ. ಕಂಪೌಂಡಿನ ಅರಳಿ ಗಿಡಕ್ಕೆ ಒಂದು ತಂಬಿಗೆ ನೀರು ಹಾಕಿ, ಪೂಜೆಗೆ ನಾಲ್ಕು ದಾಸವಾಳ ಕಿತ್ತುಕೊಂಡು ಹೋಗುವುದು ಅವಳ ರೂಢಿ. ಗಿಡಕ್ಕೆ ನೀರು ಹಾಕಿದಳು, ಹೂ ಕಿತ್ತಳು, ಸೆರಗಿನಲ್ಲಿ ಕಟ್ಟಿಕೊಂಡಳು. ಆಮೇಲೆ ತಂಬಿಗೆಯಲ್ಲಿ ಉಳಿದ ನೀರಿನೊಂದಿಗೆ ನನ್ನ ಗಾಡಿಯ ಹತ್ತಿರ ಬಂದಳು. ಕನ್ನಡಕ ಮೂಗಿನ ಮೇಲಕ್ಕೆ ಸರಿಸಿ, ಟಾಕಿಯ ರಬ್ಬರ್ ಮುಚ್ಚಳವನ್ನು ಉಪ್ಪಿನಕಾಯಿ ಭರಣಿಯದನ್ನು ತೆಗೆದಷ್ಟು ಸಲೀಸಾಗಿ ತೆಗೆದಳು. ಎಳೆಯಾಗಿ ನೀರು ಬಿಟ್ಟಳು. ಬಗ್ಗಿ ನೋಡಿದಳು, ಇನ್ನೊಂದಿಷ್ಟು ಬಿಟ್ಟಳು. ಸರಿಯಾಗಿ ನನ್ನ ಗೆರೆಗೆ ನಿಲ್ಲಿಸಿದಳು.

"ಏನ ಮಾಡಾಕತ್ತಿಯವ್ವಾ?" ಎಂದು ಕಂಬದ ಹಿಂದಿನಿಂದ ಬಂದೆ.

ಅವಳು ಬೆಚ್ಚಿ ಬೀಳಲಿಲ್ಲ. ಮುಚ್ಚಳ ಹಾಕಿ, ಅದರ ಮೇಲೆ ಬಿದ್ದ ಹನಿಯನ್ನು ಸೆರಗಿನಿಂದ ಒರೆಸಿದಳು. "ಮುಂಜಾನೆ ನೋಡಿದ್ರ ದಿನಾ ನಿನ್ನ ಗೆರಿಗಿಂತ ಕೆಳಗ ಇರತದ. ನೀ ಎದ್ದು ಬಂದು ನೋಡಿ ಆ ಹುಡುಗಿ ಮ್ಯಾಲ ಹಾರ‍್ಯಾಡತಿ. ಆಕಿ ಕಾಲೇಜು ತಪ್ಪಬಾರದು ಅಂತ ಹಾಕೇನಿ," ಎಂದಳು.

ಇದು ಎಂಜಿನ್ನು, ನೀರು ಹಾಕಿದರೆ ಕೆಡುತ್ತದೆ, ಗೆರೆಗೆ ಸರಿಯಾಗಿ ಹಾಕಲಿಕ್ಕೆ ನಿನಗೆ ಯಾರು ಕಲಿಸಿದರು ಎಂದು ನಾನು ಸಿಟ್ಟಿನಿಂದ ಕೇಳಿದೆ. ಅದಕ್ಕೆ ಅವಳು ನಕ್ಕಳು.

"ಕಲಸೂದೇನ ಬಂತು ತಮ್ಮಾ. ನಿಮ್ಮಪ್ಪಾರ ಗೆರಿಗೆ ನಾ ಸಂಸಾರ ಇಡೀ ನೀರು ಹಾಕೇನಿ. ಮಧ್ಯಾಹ್ನ ಸಾಲಿಂದ ಬಂದು ನೀ ಹಸದ ಮಾರಿ ಮಾಡಕೊಂಡು ನಿಂದರತಿದ್ದಿ. ಒಂದ ಗ್ಲಾಸ ಹಾಲು ಕುಡಸಿ, ಅವರು ಬರೂದ್ರಾಗ ಅಷ್ಟ ನೀರು ಸೇರಸತಿದ್ದೆ. ಗೆರಿ ನೋಡಿ ಅವರಿಗೂ ಸಮಾಧಾನ, ನಿನಗೂ ಹೊಟ್ಟಿ ತುಂಬತಿತ್ತು."

ಅವಳು ತಂಬಿಗೆ ಹಿಡಿದುಕೊಂಡು ಲಿಫ್ಟಿನ ಕಡೆ ಹೋದಳು. ನಾನು ಗಾಡಿಯ ಪಕ್ಕ ಕೂತುಬಿಟ್ಟೆ. ಅಪ್ಪನ ಗಾಜಿನ ಕಡ್ಡಿ ಸಂಜೆ ಮುಳುಗುತ್ತಿದ್ದದ್ದು, ರವಿವಾರ ಬಾಗಿಲಲ್ಲಿ ತೇಲುತ್ತಿದ್ದದ್ದು, ಎಲ್ಲ ಒಮ್ಮೆಲೇ ನೆನಪಾಯಿತು. ಆ ಹಾಲು ನನ್ನ ಹೊಟ್ಟೆಯಲ್ಲಿತ್ತು, ನಾನು ಭೈಯ್ಯಾಗಳಿಗೆ ಪಾನಿವಾಲಾ ಎಂದು ಕೂಗುತ್ತಿದ್ದೆ. ಪಾಪ, ಅವರು ಎಷ್ಟು ಓಣಿ ದಾಟಿ ಹೋದರೋ. ಅಪ್ಪನಿಗೆ ಇದು ಕೊನೆಯವರೆಗೂ ಗೊತ್ತಾಗಲಿಲ್ಲ. ನಗಬೇಕೋ ಅಳಬೇಕೋ ತಿಳಿಯದೆ ನಾನು ಎರಡನ್ನೂ ಸ್ವಲ್ಪ ಸ್ವಲ್ಪ ಮಾಡಿದೆ.

ಅಷ್ಟಾದರೂ ಒಂದು ಪ್ರಶ್ನೆ ಉಳಿದಿತ್ತು. ಅವ್ವ ನೀರು ಹಾಕುವ ಮುಂಚೆ ಹಸಿರು ಇಳಿಯುತ್ತಿದ್ದದ್ದು ಯಾಕೆ? ಅದನ್ನು ಕೇಳಲು ಮುಖ ಗಟ್ಟಿ ಮಾಡಿಕೊಂಡು ಸಾವಂತನ ಹತ್ತಿರ ಹೋದೆ. ಮೂರನೆಯ ಗೆರೆ ನನ್ನದೇ ಎಂದೆ, ಅದನ್ನು ಸಂಜೆ ಗಾಡಿ ಬಿಸಿಯಿದ್ದಾಗ ಎಳೆದದ್ದೆಂದೂ ಹೇಳಿದೆ. ಅವನು ಹೊಟ್ಟೆ ಹಿಡಿದು ನಕ್ಕ. ಆಮೇಲೆ ನಾನು ಸಂಶಯಪಟ್ಟಿದ್ದನ್ನು ಮರೆತವನಂತೆ ಒಂದು ಸ್ಟೂಲು ಸರಿಸಿದ. ಕೂಲಂಟ್ ಕಾದಾಗ ಉಬ್ಬಿ ಟಾಕಿಗೆ ಏರುತ್ತದೆಯಂತೆ, ತಣ್ಣಗಾದಾಗ ಎಂಜಿನ್ನು ಅದನ್ನು ಮತ್ತೆ ಎಳೆದುಕೊಳ್ಳುತ್ತದೆಯಂತೆ. ಅದಕ್ಕೇ ಬೆಳಿಗ್ಗೆ ತಣ್ಣಗಿರುವಾಗ, ಗಾಡಿ ನೆಟ್ಟಗೆ ನಿಲ್ಲಿಸಿ, ಕಂಪನಿಯ ಎರಡು ಗೆರೆಗಳ ನಡುವೆ ಇದೆಯೋ ಇಲ್ಲವೋ ನೋಡಬೇಕು. ಏರಿ ಇಳಿಯಲಿಕ್ಕೆಂದೇ ಮೇಲೆ ಜಾಗ ಬಿಟ್ಟಿರುತ್ತಾರೆ. ಬಿಸಿಯ ಗೆರೆಗೆ ತಣ್ಣಗಿರುವಾಗ ತುಂಬಿಸಿದರೆ ಹೆಚ್ಚಾದದ್ದು ಕಾದಾಗ ನಳಿಕೆಯಿಂದ ಹೊರಗೆ ಸುರಿಯುತ್ತದೆ. ದಿನವೂ ಕೂಲಂಟ್ ಸುರಿದು, ದಿನವೂ ನೀರು ಒಳಗೆ ಸೇರಿ, ಕೊನೆಗೆ ನೀರೇ ಉಳಿದಿತ್ತು. ಕಳ್ಳತನ ಆಗಿಯೇ ಇರಲಿಲ್ಲ. ಗಾಡಿ ಕೆಟ್ಟೂ ಇರಲಿಲ್ಲ, ನಾನು ಗೆರೆ ಎಳೆಯುವವರೆಗೆ.

ಸಾವಂತ ರೇಡಿಯೇಟರಿನಿಂದ ಎಂಜಿನ್ನಿನವರೆಗೆ ಎಲ್ಲವನ್ನೂ ಖಾಲಿ ಮಾಡಿದ. ತುಕ್ಕಿನ ಬಣ್ಣದ ನೀರು ಬಂತು. ಶುದ್ಧ ನೀರು ಹಾಕಿ ತೊಳೆದು, ಅದನ್ನೂ ಬಸಿದು, ಹೊಸ ಕೂಲಂಟ್ ತುಂಬಿದ. ರೇಡಿಯೇಟರಿನ ಬಾಯಿ ತೆರೆದಿಟ್ಟೇ ಎಂಜಿನ್ನು ಚಾಲೂ ಮಾಡಿ, ಒಳಗೆ ಸಿಕ್ಕಿದ್ದ ಗಾಳಿಯೆಲ್ಲ ಗುಳ್ಳೆಗಳಾಗಿ ಹೋಗುವವರೆಗೆ ಕಾದು, ಇಳಿದಷ್ಟು ಮತ್ತೆ ಹಾಕಿ ಮುಚ್ಚಳ ಬಿಗಿದ. ಫ್ಯಾನು ತಾನಾಗಿ ತಿರುಗಿ ತಾನಾಗಿ ನಿಲ್ಲುವುದನ್ನು ಇಬ್ಬರೂ ಕೂತು ನೋಡಿದೆವು. ಬಟ್ಟೆಗೆ ಸ್ವಲ್ಪ ಪೆಟ್ರೋಲ್ ಅದ್ದಿಕೊಂಡು ಮೂರನೆಯ ಗೆರೆಯನ್ನು ನಾನೇ ಒರೆಸಿದೆ.

ಮನೆಗೆ ಬಂದು ಕೀಲಿಕೈಯನ್ನು ಪಲ್ಲವಿಯ ಮುಂದೆ ಇಟ್ಟೆ. ತಪ್ಪು ನನ್ನದೇ ಎಂದೆ. ಅವಳು ಕೀಲಿಯನ್ನು ತಕ್ಷಣ ಮುಟ್ಟಲಿಲ್ಲ. "ಡುಪ್ಲಿಕೇಟ್ ಕೀಲಿ ಭೀ ಮಾಡಿಸ್ಲಾ ಪಪ್ಪಾ, ಯಾ ಒಂದೇ ಸಾಕಾ?" ಎಂದಳು. ಅಷ್ಟು ಕೇಳಿಸಿಕೊಳ್ಳುವುದು ನನ್ನ ಪಾಲಿಗೆ ಇತ್ತು.

ಸೋಮವಾರ ಬೆಳಿಗ್ಗೆ ಅವಳು ವಿಲೆ ಪಾರ್ಲೆಗೆ ಹೋದಳು. ನಾನು ಗೋದಾಮಿನಲ್ಲಿ ಪೆಟ್ಟಿಗೆಗಳ ನಡುವೆ ನಿಂತು ಫೋನು ನೋಡುತ್ತಲೇ ಇದ್ದೆ. ಯಾವ ಕರೆಯೂ ಬರಲಿಲ್ಲ. ಸಂಜೆ ಆಫೀಸಿನ ಬಸ್ಸು ಇಳಿದು ಬಂದಾಗ ಗಾಡಿ ತನ್ನ ಜಾಗದಲ್ಲಿ ನಿಂತಿತ್ತು. ಕೆಲಸ ಮುಗಿಸಿ ಬಂದು, ಕಾಲೇಜಿಗೆ ಹೋಗುವ ಮುಂಚೆ ಬಟ್ಟೆ ಬದಲಿಸಲು ಮೇಲೆ ಹೋಗಿದ್ದಾಳೆ ಎಂದು ತಿಳಿಯಿತು. ಕೆಳಗೆ ನೆಲ ಒಣಗಿತ್ತು. ಅಭ್ಯಾಸ ನೋಡಿ, ಕೂತು ಟಾಕಿಯ ಮೇಲೆ ಕಣ್ಣಾಡಿಸಿದೆ. ಬಿಸಿಗೆ ಹಸಿರು ಏರಿತ್ತು. ಕೈ ಜೇಬಿಗೆ ಹೋಯಿತು. ಹಾಗೆಯೇ ವಾಪಸು ತಂದೆ.

ಮೇಲೆ ಅವ್ವ ಚಹಾ ಕೊಟ್ಟಳು. ಒಂದು ಗುಟುಕು ಕುಡಿದೆ. ನೀರು ನೀರು. ಫ್ರಿಜ್ಜಿನಲ್ಲಿರುವ ಹಾಲಿನ ಜಗ್ಗಿನ ಮೇಲೆ ನನ್ನ ಗೆರೆಯಿದೆ, ಹಾಲು ಖಂಡಿತ ಗೆರೆಗೆ ಸರಿಯಾಗಿಯೇ ಇರುತ್ತದೆ ಎಂದು ನನಗೆ ಗೊತ್ತಿತ್ತು. ಹಾಲು ಎಲ್ಲಿಗೆ ಹೋಯಿತು ಎಂದು ಕೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಪಲ್ಲವಿ ಹೆಲ್ಮೆಟ್ಟು ಹಿಡಿದುಕೊಂಡು ಒಳಗಿನಿಂದ ಬಂದಳು. ಅವಳ ಮೇಲ್ದುಟಿಯ ಮೇಲೆ ಹಾಲಿನ ಒಂದು ಬಿಳಿ ಗೆರೆ ಇತ್ತು. ಅವ್ವ ಸೆರಗಿನ ತುದಿಯಿಂದ ಅದನ್ನು ಒರೆಸಿ, ನನ್ನ ಕಡೆ ನೋಡಿದಳು. ಚಹಾ ಚೆನ್ನಾಗಿದೆ ಅವ್ವಾ ಎಂದು ಹೇಳಿ ನಾನು ಪೂರ್ತಿ ಕುಡಿದೆ.